ಕಾರವಾರ-ಅಂಕೋಲೆಗಳಲ್ಲಿ ಇಂಗ್ಲಿಷ್ ಸಾಹಿತ್ಯದ ವರ್ಷಪಾಠ

ಹೈಸ್ಕೂಲಿನ ಮಕ್ಕಳಿಗೆ ಒಂದು ವರ್ಷದಲ್ಲಿ ಇಂಗ್ಲಿಷ್ ಸಾಹಿತ್ಯವನ್ನು ಎಷ್ಟು ಓದಿಸಬೇಕು, ಅವರಿಂದ ಎಷ್ಟು ಬರೆಯಿಸಬೇಕು ಎಂಬ ಪ್ರಶ್ನೆಯು ಮೇಲ್ನೋಟಕ್ಕೆ ಉಪಾಧ್ಯಾಯರ ಟಿಪ್ಪಣಿಯ ವಹಿಗೆ ಮಾತ್ರ ಸಂಬಂಧಪಟ್ಟದ್ದೆಂದು ತೋರುವದು. ಆದರೆ ಉತ್ತರ ಕನ್ನಡದ ಕರಾವಳಿಯಲ್ಲಿ ಈ ಪ್ರಶ್ನೆಗೆ ಶತಮಾನಕ್ಕೂ ಮಿಕ್ಕಿದ ಇತಿಹಾಸವುಂಟು. ಅದನ್ನು ಅವಲೋಕಿಸಿದರೆ, ವರ್ಷದ ಪಾಠಗಳನ್ನು ಗೊತ್ತುಪಡಿಸುತ್ತ ಬಂದವರು ಯಾರು, ಅದರಿಂದ ಮಕ್ಕಳ ಪಾಲಿಗೆ ಬಂದುದೇನು ಎಂಬುದು ತಿಳಿದುಬರುವದು.

1835ರಲ್ಲಿ ಮೆಕಾಲೆಯ ಅಭಿಪ್ರಾಯದಂತೆ ಸರಕಾರದ ವಿದ್ಯಾದ್ರವ್ಯವು ಇಂಗ್ಲಿಷ್ ಶಿಕ್ಷಣದ ಕಡೆಗೆ ಹರಿಯತೊಡಗಿತು. 1854ರಲ್ಲಿ ಚಾರ್ಲ್ಸ್ ವುಡ್ಡನ ಆಜ್ಞಾಪತ್ರವು ವಿದ್ಯಾಖಾತೆಗಳಿಗೆ ಅಸ್ತಿಭಾರ ಹಾಕಿತು. 1857ರಲ್ಲಿ ಮುಂಬಯಿ ವಿಶ್ವವಿದ್ಯಾಲಯವು ಸ್ಥಾಪಿತವಾಯಿತು. ಅಲ್ಲಿಯವರೆಗೆ ಮದರಾಸಿಗೆ ಸೇರಿದ್ದ ಉತ್ತರ ಕನ್ನಡವು 1862ರಲ್ಲಿ ಮುಂಬಯಿ ಇಲಾಖೆಗೆ ವರ್ಗವಾಗಿ, ಕಾರವಾರವು ಜಿಲ್ಲೆಯ ಮುಖ್ಯಸ್ಥಳವಾಯಿತು. ಧಾರವಾಡ ಸೀಮೆಯ ಹತ್ತಿಗೆ ಬಂದರು ಬೇಕೆಂಬುದು ಈ ವರ್ಗಾವಣೆಗೆ ಒಂದು ಪ್ರಬಲ ಕಾರಣವಾಗಿತ್ತು. ಹತ್ತಿಗಾಗಿ ನಡೆದ ಈ ಬದಲಾವಣೆಯಿಂದ ವಿದ್ಯಾರ್ಥಿಗಳ ದೃಷ್ಟಿಯೂ ಮುಂಬಯಿಯ ಕಡೆಗೆ ತಿರುಗಿತು. ಕಾರವಾರದ ಹುಡುಗನು ಏನನ್ನು ಓದಬೇಕೆಂಬುದು ಮುಂಬಯಿಯ ಮ್ಯಾಟ್ರಿಕ್ಯುಲೇಶನ್ ಪರೀಕ್ಷೆಯಿಂದ ನಿರ್ಣಯವಾಗತೊಡಗಿತು. ವರ್ಷದ ಯೋಜನೆಯು ಜೂನದಿಂದ ಮುಂದಕ್ಕೆ ಹೆಣೆಯಲ್ಪಡದೆ, ಪರೀಕ್ಷೆಯ ದಿನದಿಂದ ಹಿಂದಕ್ಕೆ ಎಣಿಸಲ್ಪಟ್ಟಿತು.

ಈ ಸೀಮೆಯ ಮಕ್ಕಳ ಭಾಷಾಸ್ಥಿತಿಯಾದರೂ ಸರಳವಾದುದಲ್ಲ. ಕಾರವಾರದ ಅನೇಕ ಮನೆಗಳಲ್ಲಿ ಮಾತು ಕೊಂಕಣಿ. ಶಾಲೆಗಳಲ್ಲಿ ಬಹುಕಾಲ ಕನ್ನಡದೊಡನೆ ಮರಾಠಿಯೂ ನಡೆಯಿತು. ಅಂಕೋಲೆಯ ಹಾಲಕ್ಕಿ ಒಕ್ಕಲಿಗರ, ನಾಡವರ ಮನೆಗಳಲ್ಲಿ ಕನ್ನಡವೇ ಮಾತು. ಅದೂ ಪುಸ್ತಕದ ಕನ್ನಡಕ್ಕಿಂತ ಭಿನ್ನವಾದುದು. ಇವುಗಳ ಮೇಲೆ ಇಂಗ್ಲಿಷು, ಹಲವರಿಗೆ ಸಂಸ್ಕೃತವೂ ಸೇರಿದವು. ಇಂಥ ಮಕ್ಕಳಿಗೆ ಭಾಷಾಂತರವೇ ಪಾಠದ ಬೆನ್ನೆಲುಬಾದದ್ದು ಸಹಜವೇ. 1860ರ ದಶಕದಲ್ಲಿ ರಾಮಕೃಷ್ಣ ಗೋಪಾಲ ಭಾಂಡಾರಕರರು ಹೈಸ್ಕೂಲುಗಳಿಗಾಗಿ ರಚಿಸಿದ ಸಂಸ್ಕೃತದ ಎರಡು ಪಾಠಪುಸ್ತಕಗಳಲ್ಲಿ ಸಂಸ್ಕೃತದಿಂದ ಇಂಗ್ಲಿಷಿಗೆ, ಇಂಗ್ಲಿಷಿನಿಂದ ಸಂಸ್ಕೃತಕ್ಕೆ, ಹೀಗೆ ಎರಡೂ ಕಡೆಯ ಅಭ್ಯಾಸಗಳಿದ್ದವು. ಪದಚ್ಛೇದ, ಅನ್ವಯ, ತಾತ್ಪರ್ಯ ಎಂಬ ಪಾಠಶಾಲೆಯ ಕ್ರಮವು ಆಂಗ್ಲ ಕವಿತೆಗೂ ಒಗ್ಗುವಂಥದೇ ಆಗಿತ್ತು. ಅದರಿಂದ ಅರ್ಥದ ನಿಖರತೆಯು ಬಂದಿತು. ಆದರೆ ಅದಕ್ಕೊಂದು ಮಿತಿಯೂ ಇದ್ದಿತು: ಪರರ ವಾಕ್ಯವನ್ನು ಬಿಡಿಸುವದರಲ್ಲಿಯೇ ವರ್ಷವು ಕಳೆದರೆ, ಸ್ವಂತ ವಾಕ್ಯವನ್ನು ಕಟ್ಟುವ ಕಾಲವು ಬರುವದೇ ಇಲ್ಲ.

ಋತುಮಾನವೂ ಇಲ್ಲಿ ವಿಚಾರಾರ್ಹವಾದುದು. ಶಾಲೆಯ ವರ್ಷವು ಮಳೆಗಾಲದೊಡನೆ ಆರಂಭವಾಗಿ, ಬೇಸಿಗೆಯಲ್ಲಿ ಮುಗಿಯುವದು. ಸೇತುವೆಗಳಿಲ್ಲದ ಕಾಲದಲ್ಲಿ ಕಾಳಿ, ಗಂಗಾವಳಿ ಹೊಳೆಗಳನ್ನು ದೋಣಿಯಲ್ಲಿಯೇ ದಾಟಬೇಕಾಗಿತ್ತು. ಹೊಳೆ ತುಂಬಿದ ದಿನ ಆಚೆಯ ದಡದ ಮಗುವಿಗೆ ಶಾಲೆಯೂ ದೂರವೇ. ಪಠ್ಯದಲ್ಲಿಯಾದರೋ ಹಿಮ ಕರಗಿ ವಸಂತ ಬರುವ ದೇಶದ ವರ್ಣನೆ. ವರ್ಡ್ಸ್‌ವರ್ತನ ಡ್ಯಾಫೊಡಿಲ್ ಹೂಗಳನ್ನು ಕಾಣದ ಮಗುವು ಅವುಗಳ ಮೇಲಣ ಟಿಪ್ಪಣಿಯನ್ನು ಕಂಠಪಾಠ ಮಾಡಬಹುದು. ತನ್ನ ಗದ್ದೆಯ ನಾಟಿಯನ್ನು ಕುರಿತು ನಾಲ್ಕು ವಾಕ್ಯಗಳನ್ನು ಬರೆಯಲು ಕೇಳಿದರೆ ಮಾತ್ರ ಅದರ ಭಾಷೆಯ ನಿಜವಾದ ಅಳತೆಯು ತಿಳಿದೀತು.

ಆಂಗ್ಲ ಸಾಹಿತ್ಯದ ವಾಚನವು ಎಂಥ ಫಲವನ್ನು ಕೊಡಬಲ್ಲದೆಂಬುದಕ್ಕೆ ಕಾರವಾರದಲ್ಲಿಯೇ ಒಂದು ಉಜ್ವಲ ನಿದರ್ಶನವಿದೆ. ರವೀಂದ್ರನಾಥ ಠಾಕೂರರು ಬಾಲ್ಯದಲ್ಲಿ ಶಾಲೆಗೆ ಒಗ್ಗಿದವರಲ್ಲ. 1878ರಲ್ಲಿ ವಿಲಾಯತಿಗೆ ಹೋಗಿ, ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಹೆನ್ರಿ ಮಾರ್ಲೆಯವರ ಸಾಹಿತ್ಯಪಾಠಗಳನ್ನು ಕೇಳಿ, 1880ರಲ್ಲಿ ಪದವಿಯಿಲ್ಲದೆಯೇ ಮರಳಿದರು. ಅವರ ಅಣ್ಣ ಸತ್ಯೇಂದ್ರನಾಥರು ಕಾರವಾರದಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ, 1883ರಲ್ಲಿ, ರವೀಂದ್ರರು ಇಲ್ಲಿಗೆ ಬಂದು ತಂಗಿದರು. ಈ ಕಡಲ ತೀರದಲ್ಲಿ ‘ಪ್ರಕೃತಿರ್ ಪ್ರತಿಶೋಧ’ವೆಂಬ ನಾಟಕವನ್ನು ಬರೆದರು, ಅದು 1884ರಲ್ಲಿ ಪ್ರಕಟವಾಯಿತು. ಇಂಗ್ಲಿಷನ್ನು ಓದಿ ಬಂದ ತರುಣನು ಬರೆದದ್ದು ಬಂಗಾಲಿಯಲ್ಲಿ. ಅದೇ ಊರಿನ ಪರೀಕ್ಷಾರ್ಥಿಗಳ ಪಾಲಿಗೆ ಇಂಗ್ಲಿಷು ಉದ್ಯೋಗದ ಮೆಟ್ಟಿಲಾಗಿದ್ದಿತು. ಒಂದೇ ಸಾಹಿತ್ಯವು ಇಬ್ಬರಿಗೆ ಎರಡು ಬಗೆಯ ಫಲವನ್ನು ಕೊಟ್ಟಿತು.

ಸ್ವಾತಂತ್ರ್ಯಾನಂತರ ಬಾಳಾಸಾಹೇಬ ಖೇರರ ಮಂತ್ರಿಮಂಡಲದ ಕಾಲದಲ್ಲಿ ಮುಂಬಯಿ ಸರಕಾರವು ಇಂಗ್ಲಿಷನ್ನು ಐದನೆಯ ಇಯತ್ತೆಯಿಂದ ಎಂಟನೆಯದಕ್ಕೆ ಸರಿಸಿತು. ಏಳು ವರ್ಷಗಳ ಅಭ್ಯಾಸವು ನಾಲ್ಕಕ್ಕೆ ಇಳಿಯಿತು. ಮಾತೃಭಾಷೆಗೆ ಅದರಿಂದ ಗೌರವ ಬಂದಿತಾದರೂ, ಹೈಸ್ಕೂಲಿನ ಒಂದೊಂದು ವರ್ಷದ ಭಾರವೂ ಹೆಚ್ಚಿತು. ಇದೇ ಕಾಲದಲ್ಲಿ ಹಳ್ಳಿಗಳ ಬಾಗಿಲಿಗೂ ಹೈಸ್ಕೂಲು ಬಂದಿತು. ಅಂಕೋಲೆ ತಾಲೂಕಿನ ಅಲಗೇರಿಯ ದಿನಕರ ದೇಸಾಯಿಯವರು 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟನ್ನು ಸ್ಥಾಪಿಸಿ, ಜಿಲ್ಲೆಯ ಹಿಂದುಳಿದ ಭಾಗಗಳಲ್ಲಿ ಜನತಾ ವಿದ್ಯಾಲಯಗಳನ್ನು ತೆರೆದರು. ಮನೆಯಲ್ಲಿ ಯಾರೂ ಇಂಗ್ಲಿಷನ್ನು ಅರಿಯದ ಮಕ್ಕಳು ಅದನ್ನು ಕಲಿಯತೊಡಗಿದರು. 1956ರ ನವೆಂಬರ 1ರಂದು ಜಿಲ್ಲೆಯು ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಪರೀಕ್ಷೆಯ ಕೇಂದ್ರವೂ ಬದಲಾಯಿತು. ಪರೀಕ್ಷೆಯ ದಿನದಿಂದ ಹಿಂದಕ್ಕೆ ಎಣಿಸುವ ಪದ್ಧತಿಯು ಬದಲಾಗಲಿಲ್ಲ.

ಈ ಪದ್ಧತಿಯ ನಡುವೆಯೂ ಬೇರೊಂದು ಪರಂಪರೆಯು ಬಾಳಿಕೊಂಡು ಬಂದಿತು. ಗಂಗಾವಳಿಯ ದಕ್ಷಿಣ ದಡದಾಚೆಯ ಬಂಕಿಕೊಡ್ಲದ ಆನಂದಾಶ್ರಮ ಹೈಸ್ಕೂಲಿನಲ್ಲಿ ಸು. ರಂ. ಎಕ್ಕುಂಡಿಯವರು ದಶಕಗಳ ಕಾಲ ಇಂಗ್ಲಿಷನ್ನು ಕಲಿಸಿದರು. ಕಥನಕವನಗಳನ್ನು ಬರೆದದ್ದು ಕನ್ನಡದಲ್ಲಿ. ಅವರ ‘ಬಕುಲದ ಹೂವುಗಳು’ 1992ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನು ಪಡೆಯಿತು. ಮುಂಬಯಿಯಲ್ಲಿ ದೀರ್ಘಕಾಲ ದುಡಿದ ದಿನಕರ ದೇಸಾಯಿಯವರೂ ಮನೆಮಾತಾದದ್ದು ಕನ್ನಡದ ಚುಟುಕಗಳಿಂದಲೇ.

ಶಾಸ್ತ್ರಕಾರರು ಅರುಂಧತೀದರ್ಶನ ನ್ಯಾಯವೆಂದು ಒಂದು ದೃಷ್ಟಾಂತವನ್ನು ಹೇಳುವರು: ಸೂಕ್ಷ್ಮವಾದ ಅರುಂಧತೀ ನಕ್ಷತ್ರವನ್ನು ತೋರಿಸಬೇಕಾದವನು ಮೊದಲು ಅದರ ಬಳಿಯ ದೊಡ್ಡ ನಕ್ಷತ್ರವನ್ನು ತೋರಿಸುವನು. ವರ್ಷಪಾಠಕ್ಕೂ ಇದೇ ನ್ಯಾಯವು ಸಲ್ಲುವದು. ಜೂನದ ಮೊದಲ ವಾರದಲ್ಲಿ ಮಗುವು ತನ್ನ ಕಣ್ಣೆದುರಿನ ಮಳೆಯನ್ನು ಸರಳ ಇಂಗ್ಲಿಷಿನ ಐದು ವಾಕ್ಯಗಳಲ್ಲಿ ಬರೆಯಲಿ. ದೀಪಾವಳಿಯೊಳಗೆ ಕೆಲವೇ ಕವಿತೆಗಳನ್ನು ಅನ್ವಯಸಹಿತವಾಗಿ ಓದಿ, ಒಂದನ್ನಾದರೂ ಮನೆಯ ಮಾತಿಗೆ ತಿರುಗಿಸಲಿ. ಆಮೇಲೆ ಒಂದು ಇಡಿಯ ಕಥೆಯನ್ನೋ ನಾಟಕವನ್ನೋ ಓದಲಿ. ವಾರಕ್ಕೊಂದು ಪುಟದ ಬರವಣಿಗೆಯು ಮಾತ್ರ ವರ್ಷವಿಡೀ ತಪ್ಪದಿರಲಿ. ಪರೀಕ್ಷೆಯು ಬರುವ ದಿನ ಬಂದೇ ಬರುವದು. ಅದು ಮುಗಿದ ಮರುದಿನ ಮಗುವಿನ ಕೈಯಲ್ಲಿ ಒಂದು ಸ್ವಂತ ವಾಕ್ಯವಾದರೂ ಉಳಿದಿದ್ದರೆ, ವರ್ಷವು ಸಾರ್ಥಕವಾಯಿತೆಂದು ತಿಳಿಯಬೇಕು.