ಜಾನ್ ಕ್ಲೇರ್ ಕವಿಯ ಬಾಲ್ಯಸ್ಮರಣೆ

ಬಾಲ್ಯದ ನೆನಪುಗಳು ಕಾವ್ಯಕ್ಕೆ ವಸ್ತುವಾಗಬಲ್ಲವೇ ಹೊರತು ಚರಿತ್ರೆಗೆ ಆಧಾರವಾಗಲಾರವೆಂದು ತಿಳಿಯುವವರೇ ಹೆಚ್ಚು. ಆದರೆ ಒಂದು ಗ್ರಾಮದ ನೆಲವೇ ಮಾರ್ಪಟ್ಟು ಹಳೆಯ ಬಾಳಿನ ಗುರುತುಗಳು ಅಳಿದುಹೋದಾಗ, ಅಲ್ಲಿ ಆಡಿ ಬೆಳೆದವನ ನೆನಪೇ ದಾಖಲೆಯಾಗಿ ಉಳಿಯುವುದುಂಟು. ಆಂಗ್ಲ ಕವಿಯಾದ ಜಾನ್ ಕ್ಲೇರನ ವೃತ್ತಾಂತವು ಇದಕ್ಕೆ ನಿದರ್ಶನವಾಗಿದೆ.

ಕ್ಲೇರನು 1793ರ ಜುಲೈ 13ರಂದು, ಅಂದು ನಾರ್ಥಾಂಪ್ಟನ್‌ಷೈರ್ ಸೀಮೆಗೆ ಸೇರಿದ್ದ ಹೆಲ್ಪ್‌ಸ್ಟನ್ ಎಂಬ ಗ್ರಾಮದಲ್ಲಿ ಜನಿಸಿದನು. ತಂದೆಯು ತೆನೆ ಬಡಿಯುವ ಕೂಲಿಯಾಳು; ಆದರೂ ನೂರಕ್ಕೂ ಮಿಕ್ಕ ಲಾವಣಿಗಳನ್ನು ಬಾಯಲ್ಲಿ ಇಟ್ಟುಕೊಂಡಿದ್ದವನು. ತಾಯಿಗೆ ಅಕ್ಷರವೇ ಬಾರದು. ಎಳೆಯ ಮಗನ ಕೈಗೆ ಒಪ್ಪುವಂತೆ ತಂದೆಯು ಹಗುರವಾದ ಬಡಿಗೋಲೊಂದನ್ನು ಮಾಡಿಕೊಟ್ಟಿದ್ದನು. ಬಾಲಕನು ಹೆಬ್ಬಾತುಗಳನ್ನೂ ಕುರಿಗಳನ್ನೂ ಕಾಯುತ್ತ, ದನಗಾಹಿ ಮುದುಕಿಯೊಬ್ಬಳಿಂದ ಹಳೆಯ ಹಾಡುಗಳನ್ನು ಕಲಿತನು. ದಾರಿದ್ರ್ಯವಿದ್ದಿತು, ಆದರೆ ಓಡಾಡುವುದಕ್ಕೆ ಅಡ್ಡಿಯಿರಲಿಲ್ಲ.

ಎಮನ್‌ಸೇಲ್ಸ್ ಎಂಬ ಬಯಲಿಗೆ ಆತನು ಹೋದ ಪ್ರಸಂಗವು ಬಹು ಸೊಗಸಾದುದು. ಕಣ್ಣಿಗೆ ಕಾಣುವ ದಿಗಂತವೇ ಲೋಕದ ಅಂಚೆಂದೂ, ಒಂದು ದಿನ ನಡೆದರೆ ಅದನ್ನು ಮುಟ್ಟಬಹುದೆಂದೂ ನಂಬಿ, ಆ ಹುಡುಗನು ಹಳದಿ ಹೂವಿನ ಮುಳ್ಳುಪೊದೆಗಳ ನಡುವೆ ಒಬ್ಬನೇ ನಡೆದನು. ಬಲುದೂರ ಹೋದಮೇಲೆ ಅಲ್ಲಿಯ ಹೂವುಗಳೂ ಹಕ್ಕಿಗಳೂ ತನ್ನ ಗುರುತು ಹಿಡಿಯದಂತೆ ಆತನಿಗೆ ತೋರಿತು. ಕತ್ತಲಾದ ಬಳಿಕ ಮನೆಗೆ ಮರಳಿದಾಗ ತಂದೆತಾಯಿಗಳು ಕಂಗೆಟ್ಟಿದ್ದರು. ಅರ್ಧ ಊರೇ ಅವನನ್ನು ಹುಡುಕುತ್ತಿದ್ದಿತು.

ಅಂದಿನ ಹೆಲ್ಪ್‌ಸ್ಟನ್ನಿನಲ್ಲಿ ಹೊಲಗಳು ಬೇಲಿಯಿಲ್ಲದ ಪಟ್ಟಿಗಳಾಗಿದ್ದವು. ಗೋಮಾಳದಲ್ಲಿ ದನಗಳು ಮೇಯುತ್ತಿದ್ದವು. ಬಡವರು ವಾಡಿಕೆಯ ಮೇರೆಗೆ ಸೌದೆಯನ್ನು ತರುತ್ತಿದ್ದರು. 1809ರಲ್ಲಿ ಪಾರ್ಲಿಮೆಂಟು ಈ ಗ್ರಾಮವನ್ನೂ ನೆರೆಯ ಕೆಲವು ಗ್ರಾಮಗಳನ್ನೂ ಕುರಿತು ಭೂಮಿಗೆ ಬೇಲಿ ಹಾಕುವ ಶಾಸನವನ್ನು ಮಾಡಿತು; ಹಂಚಿಕೆಯ ಅಂತಿಮ ತೀರ್ಪು 1820ರಲ್ಲಿ ಹೊರಬಿದ್ದಿತು. ಇದು ಒಂದೂರಿನ ಸಂಗತಿಯಲ್ಲ. 1604ರಿಂದ 1914ರವರೆಗೆ ಇಂತಹ 5,200ಕ್ಕೂ ಮಿಕ್ಕ ಶಾಸನಗಳಿಂದ ಸುಮಾರು 68 ಲಕ್ಷ ಎಕರೆ ಭೂಮಿಯು, ಎಂದರೆ ಇಂಗ್ಲೆಂಡಿನ ಐದನೆಯ ಒಂದು ಪಾಲಿಗಿಂತ ತುಸು ಹೆಚ್ಚು ನೆಲವು, ಹೀಗೆ ಆವರಿಸಲ್ಪಟ್ಟಿತು. ಬೇಸಾಯವು ಇದರಿಂದ ಸುಧಾರಿಸಿತೆಂಬ ವಾದವು ನಿರಾಧಾರವಾದುದಲ್ಲ. ಆದರೆ ಹಕ್ಕುಪತ್ರವಿಲ್ಲದೆ ರೂಢಿಯನ್ನೇ ನಂಬಿದ್ದ ಬಡವನಿಗೆ ಬೇಲಿಯ ಹೊರಗೇ ಸ್ಥಳವಾಯಿತು. ಹೊಟ್ಟೆಪಾಡಿಗಾಗಿ ಕ್ಲೇರನೂ ಆ ಬೇಲಿಗಳನ್ನು ನೆಡುವ ಕೂಲಿಗೆ ಹೋಗಬೇಕಾಯಿತು.

1820ರಲ್ಲಿ ಪ್ರಕಟವಾದ ಮೊದಲ ಕವನಸಂಗ್ರಹವು ಆತನಿಗೆ ಲಂಡನ್ನಿನಲ್ಲಿ ಕೀರ್ತಿಯನ್ನು ತಂದಿತು. ಆ ಕೀರ್ತಿಯು ಬಹುಕಾಲ ನಿಲ್ಲಲಿಲ್ಲ. 1832ರಲ್ಲಿ ಮೂರು ಮೈಲಿ ದೂರದ ನಾರ್ಥ್‌ಬರೊ ಗ್ರಾಮಕ್ಕೆ ಹೋಗಿ ನೆಲೆಸಿದುದು ಕೂಡ ಆತನಿಗೆ ದೇಶಾಂತರವಾಸದಂತಾಯಿತು. ಚಿತ್ತಸ್ವಾಸ್ಥ್ಯವು ಕೆಟ್ಟು, 1837ರಲ್ಲಿ ಎಸೆಕ್ಸ್ ಸೀಮೆಯ ಚಿಕಿತ್ಸಾಲಯವೊಂದನ್ನು ಸೇರಿದನು. 1841ರ ಜುಲೈಯಲ್ಲಿ ಅಲ್ಲಿಂದ ತಪ್ಪಿಸಿಕೊಂಡು, ಹಸಿವಿಗೆ ದಾರಿಯ ಬದಿಯ ಹುಲ್ಲನ್ನು ತಿನ್ನುತ್ತ, ನಾಲ್ಕು ದಿನಗಳಲ್ಲಿ ಎಂಬತ್ತು ಮೈಲಿಗೂ ಹೆಚ್ಚು ದೂರವನ್ನು ನಡೆದು ಬಂದನು. ಶಾಲೆಯ ಗೆಳತಿಯಾದ ಮೇರಿ ಜಾಯ್ಸಳೇ ತನ್ನ ಪತ್ನಿಯೆಂದು ಆತನು ಭ್ರಮಿಸಿದ್ದನು. ಆಕೆಯಾದರೋ 1838ರಲ್ಲಿಯೇ ತೀರಿಹೋಗಿದ್ದಳು. ಹೇಳಿದರೂ ಆತನು ನಂಬಲಿಲ್ಲ. ಅದೇ ವರ್ಷದ ಡಿಸೆಂಬರಿನಲ್ಲಿ ನಾರ್ಥಾಂಪ್ಟನ್ನಿನ ಚಿಕಿತ್ಸಾಲಯಕ್ಕೆ ಸೇರಿಸಲ್ಪಟ್ಟು, 1864ರ ಮೇ 20ರಂದು ಅಲ್ಲಿಯೇ ಕಾಲವಾದನು. ದೇಹವನ್ನು ಮಾತ್ರ ಹೆಲ್ಪ್‌ಸ್ಟನ್ನಿನ ಇಗರ್ಜಿಯ ಅಂಗಳದಲ್ಲಿ ಹೂಳಿದರು.

ಬಾಲ್ಯವನ್ನು ಎಲ್ಲರೂ ಕಳೆದುಕೊಳ್ಳುತ್ತಾರೆ. ಆದರೆ ಅದು ನಡೆದ ನೆಲವು ಉಳಿದಿರುತ್ತದೆ. ಕ್ಲೇರನು ಎರಡನ್ನೂ ಕಳೆದುಕೊಂಡನು. ಯಾರಿಗೆ ಎಷ್ಟು ಎಕರೆ ಸಂದಿತೆಂಬುದನ್ನು 1820ರ ತೀರ್ಪು ತಿಳಿಸುತ್ತದೆ. ಆ ಎಕರೆಗಳಲ್ಲಿ ಯಾವ ಹಕ್ಕಿ ಎಲ್ಲಿ ಗೂಡು ಕಟ್ಟುತ್ತಿದ್ದಿತು, ಮಕ್ಕಳು ಎಲ್ಲಿ ಆಡುತ್ತಿದ್ದರು ಎಂಬುದನ್ನು ತಿಳಿಸುವುದು ಒಬ್ಬ ಕೂಲಿಯ ಮಗನ ಅಕ್ಕರೆಯ ನೆನಪು. ಚರಿತ್ರೆಯು ಪೂರ್ಣವಾಗಬೇಕಾದರೆ ಇವೆರಡೂ ಬೇಕು.