ಮುಂದಿನ ವರ್ಷ ಬರಲಿ, ತಾಳಿ

ನ್ಯೂಯಾರ್ಕಿನ ಬ್ರೂಕ್ಲಿನ್‌ನ ಬೇಸ್‌ಬಾಲ್ ಅಭಿಮಾನಿಗಳಿಗೆ ಸೋಲು ನುಂಗಿಕೊಳ್ಳಲು ಒಂದು ಮಾತಿತ್ತು: ‘ಮುಂದಿನ ವರ್ಷ ಬರಲಿ, ತಾಳಿ’. ಅವರ ಡಾಡ್ಜರ್ಸ್ ತಂಡ 1941, 1947, 1949, 1952, 1953ರಲ್ಲಿ ವರ್ಲ್ಡ್ ಸೀರೀಸ್ ತಲುಪಿ, ಐದೂ ಸಲ ಅದೇ ಊರಿನ ಯಾಂಕೀಸ್ ಎದುರು ಸೋತಿತು. 1951ರಲ್ಲಂತೂ ಅಲ್ಲಿಯವರೆಗೂ ಹೋಗಲಾಗಲಿಲ್ಲ. ಅಕ್ಟೋಬರ್ 3ರ ನಿರ್ಣಾಯಕ ಪಂದ್ಯದ ಕೊನೆಯಲ್ಲಿ ಡಾಡ್ಜರ್ಸ್ 4-2ರಿಂದ ಮುಂದಿತ್ತು. ಜೈಂಟ್ಸ್ ತಂಡದ ಬಾಬಿ ಥಾಮ್ಸನ್ ಅವರ ಒಂದೇ ಹೊಡೆತಕ್ಕೆ ಮೂರು ರನ್ ಬಂದು ಎಲ್ಲ ಮುಗಿಯಿತು.

ಅನುವಾದ ಮಾಡುವ ನನಗೆ ಈ ಮಾತಿನ ಧ್ವನಿಯೇ ತೊಡಕು. ‘ಮುಂದಿನ ವರ್ಷ ನೋಡ್ಕೊಳ್ತೀವಿ’ ಎಂದರೆ ಎದುರಾಳಿಗೆ ಸವಾಲು. ‘ಮುಂದಿನ ವರ್ಷ ನೋಡೋಣ’ ಎಂದರೆ ತಮಗೆ ತಾವೇ ಹೇಳಿಕೊಳ್ಳುವ ಸಮಾಧಾನ. ಬ್ರೂಕ್ಲಿನ್‌ನವರ ಮಾತಿನಲ್ಲಿ ಎರಡೂ ಇದ್ದವು.

ಆ ‘ಮುಂದಿನ ವರ್ಷ’ 1955ರ ಅಕ್ಟೋಬರ್ 4ರಂದು ಬಂತು. ಏಳನೆಯ ಪಂದ್ಯದಲ್ಲಿ ಪಿಚರ್ ಜಾನಿ ಪೋಡ್ರೆಸ್ ಯಾಂಕೀಸ್‌ಗೆ ಒಂದೂ ರನ್ ಕೊಡಲಿಲ್ಲ. ಡಾಡ್ಜರ್ಸ್ 2-0ರಿಂದ ಗೆದ್ದಿತು. 1956ರಲ್ಲಿ ಮತ್ತೆ ಯಾಂಕೀಸ್ ಎದುರೇ ಸೋಲು.

1957ರ ಪಂದ್ಯಗಳು ಮುಗಿದ ಮೇಲೆ ಮಾಲೀಕ ವಾಲ್ಟರ್ ಒಮಾಲಿ ತಂಡವನ್ನೇ ಲಾಸ್ ಏಂಜಲೀಸ್‌ಗೆ ಸಾಗಿಸಿದರು. 1960ರಲ್ಲಿ ಎಬೆಟ್ಸ್ ಫೀಲ್ಡ್ ಮೈದಾನವನ್ನೂ ಕೆಡವಲಾಯಿತು. ಸೋತ ತಂಡಕ್ಕಾಗಿ ಕಾಯುವುದು ಆ ಜನಕ್ಕೆ ರೂಢಿಯಾಗಿತ್ತು. ಕಾಯಲು ತಂಡವೇ ಇಲ್ಲದಾಗ ಹೇಳಲು ಅವರ ಬಳಿ ಮಾತಿರಲಿಲ್ಲ.