ಕೆಂಪು ಕಾಣದ ಫಿಲ್ಮು

ಪುಣೆಯ ಹಾಗೆ ಬಿಜಾಪುರ, ಧಾರವಾಡಗಳೂ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕಾಲ. 1855ರಲ್ಲಿ ಸರ್ಕಾರ ಕ್ಯಾಪ್ಟನ್ ಥಾಮಸ್ ಬಿಗ್ಸ್ ಎಂಬ ಸೇನಾಧಿಕಾರಿಯನ್ನು ಹಳೆಯ ಕಟ್ಟಡಗಳ ಫೋಟೊ ತೆಗೆಯಲು ನೇಮಿಸಿತು. ಬಿಗ್ಸ್ ಬಿಜಾಪುರ, ಬಾದಾಮಿ, ಐಹೊಳೆಗಳಲ್ಲಿ ಓಡಾಡಿ ಕೆಲಸ ಶುರುಮಾಡಿದ್ದರಷ್ಟೇ, ಸೇನೆ ವಾಪಸು ಕರೆಸಿಕೊಂಡಿತು. ಆ ಜಾಗಕ್ಕೆ ಬಂದವರು ಒಬ್ಬ ಡಾಕ್ಟರು: ಡಬ್ಲ್ಯು. ಎಚ್. ಪಿಗೂ. ಮೈಸೂರು ಸೀಮೆಯ ಗುಡಿಗಳ ಚಿತ್ರ ತೆಗೆದ ಎ. ಸಿ. ಬಿ. ನೀಲ್ ಕೂಡ ಮದ್ರಾಸ್ ಸೇನೆಯ ವೈದ್ಯರೇ. ಮೂವರ ಚಿತ್ರಗಳೂ ಸೇರಿ 1866ರಲ್ಲಿ ಲಂಡನ್ನಿನಲ್ಲಿ ಪುಸ್ತಕವಾದವು. ಅದಕ್ಕೆ ಇತಿಹಾಸ ಬರೆದವರು ಸುರಪುರದವರಿಗೆ ಇಂದಿಗೂ ಪರಿಚಿತರಾದ ಮೆಡೋಸ್ ಟೇಲರ್.

ಆಗ ನೆಗೆಟಿವ್ ಎಷ್ಟು ದೊಡ್ಡದೋ ಪ್ರಿಂಟೂ ಅಷ್ಟೇ ದೊಡ್ಡದು. ಹಾಗಾಗಿ ಕ್ಯಾಮೆರಾಗಳು ಪೆಟ್ಟಿಗೆಯಂತಿದ್ದವು. 1856ರಲ್ಲಿ ಹಂಪಿಗೆ ಬಂದ ಅಲೆಕ್ಸಾಂಡರ್ ಗ್ರೀನ್‌ಲಾ ಬಳಸಿದ್ದು ಮೇಣ ಸವರಿದ ದೊಡ್ಡ ಕಾಗದದ ನೆಗೆಟಿವ್. ಬೆಳ್ಳಿಯ ಲವಣ ಹಚ್ಚಿದ ಆ ಕಾಗದಕ್ಕೆ ನೀಲಿ ಬೆಳಕು ಮಾತ್ರ ನಾಟುತ್ತಿತ್ತು. ಕೆಂಪು ತಾಕುತ್ತಲೇ ಇರಲಿಲ್ಲ. ಆಕಾಶ ಬೆಳ್ಳಗೆ ಬಯಲಾಗುತ್ತಿತ್ತು, ಬಾದಾಮಿಯಂಥ ಕೆಂಪು ಬಂಡೆ ಕಪ್ಪಿಗೆ ತಿರುಗುತ್ತಿತ್ತು. 1983ರಲ್ಲಿ ಆಸ್ಟ್ರೇಲಿಯಾದ ಛಾಯಾಗ್ರಾಹಕ ಜಾನ್ ಗೋಲಿಂಗ್ಸ್ ಗ್ರೀನ್‌ಲಾ ನಿಂತ ಜಾಗಗಳನ್ನೇ ಹುಡುಕಿ ಹಂಪಿಯನ್ನು ಮತ್ತೆ ಚಿತ್ರಿಸಿದರು.

ಕೆಂಪು ಕಾಣದ ಆ ಗುಣ ಉಳಿದುಕೊಂಡದ್ದು ಆಸ್ಪತ್ರೆಯಲ್ಲಿ.

1895ರಲ್ಲಿ ರಾಂಟ್‌ಜನ್ ಎಕ್ಸ್‌ರೇ ಕಂಡುಹಿಡಿದಾಗ ಚಿತ್ರ ಮೂಡಿದ್ದು ಗಾಜಿನ ಪ್ಲೇಟಿನ ಮೇಲೆ. ಮೊದಲ ಮಹಾಯುದ್ಧದಲ್ಲಿ ಬೆಲ್ಜಿಯಂನಿಂದ ಗಾಜು ಬರುವುದು ನಿಂತಿತು, ಫಿಲ್ಮಿಗೆ ಬೇಡಿಕೆ ಬಂತು. 1918ರಲ್ಲಿ ಕೊಡಾಕ್ ಎರಡೂ ಬದಿಗೆ ರಾಸಾಯನಿಕ ಲೇಪಿಸಿದ ಫಿಲ್ಮು ತಂದಿತು. ಫಿಲ್ಮನ್ನು ಎರಡು ಪರದೆಗಳ ನಡುವೆ ಇಟ್ಟರೆ ಎಕ್ಸ್‌ರೇ ತಾಗಿ ಪರದೆ ನೀಲಿ ಅಥವಾ ಹಸಿರಾಗಿ ಹೊಳೆಯುತ್ತದೆ. ಕಡಿಮೆ ವಿಕಿರಣದಲ್ಲೇ ಮೂಳೆ ಕಾಣುತ್ತದೆ. ಆ ಬಣ್ಣಗಳಿಗೆ ಸ್ಪಂದಿಸಿದರೆ ಸಾಕಾದ್ದರಿಂದ ಫಿಲ್ಮಿಗೆ ಕೆಂಪಿನ ಹಂಗಿರಲಿಲ್ಲ.

ನಮ್ಮ ಆಸ್ಪತ್ರೆಗಳಿಗೆ ಈ ಹಾಳೆಗಳು ಊಟಿಯಿಂದಲೂ ಬರುತ್ತಿದ್ದವು. 1960ರಲ್ಲಿ ಸ್ಥಾಪನೆಯಾದ ಹಿಂದೂಸ್ಥಾನ್ ಫೋಟೊ ಫಿಲ್ಮ್ಸ್ 1967ರಲ್ಲಿ ಉತ್ಪಾದನೆ ಆರಂಭಿಸಿ, ‘ಇಂದು’ ಹೆಸರಿನಲ್ಲಿ ಫಿಲ್ಮು ಮಾರಿತು. ತಂಪು ಹವೆ, ಧೂಳಿಲ್ಲದ ಗಾಳಿ ಕಾರ್ಖಾನೆಗೆ ಹೇಳಿಮಾಡಿಸಿದಂತಿದ್ದವು. ಡಿಜಿಟಲ್ ಬಂದ ಮೇಲೆ ಆ ಕಾರ್ಖಾನೆ ಚೇತರಿಸಿಕೊಳ್ಳಲಿಲ್ಲ.

ದೊಡ್ಡ ಕ್ಯಾಮೆರಾದ ಹುಚ್ಚಿರುವ ಇಂದಿನ ಛಾಯಾಗ್ರಾಹಕರಿಗೆ 8×10 ಇಂಚಿನ ಮಾಮೂಲಿ ಫಿಲ್ಮು ಕೈ ಸುಡುವ ಬೆಲೆ. ಅದೇ ಅಳತೆಯ ಎಕ್ಸ್‌ರೇ ಹಾಳೆ ಬಹಳ ಅಗ್ಗ. ಅದಕ್ಕೆ ಕೆಂಪು ಕಾಣದ್ದರಿಂದ ಕೆಂಪು ದೀಪದಡಿ ಕತ್ತರಿಸಬಹುದು, ಟ್ರೇಯಲ್ಲಿ ಚಿತ್ರ ಮೂಡುವುದನ್ನು ಕಣ್ಣಾರೆ ನೋಡಿ ನಿಲ್ಲಿಸಬಹುದು. ತೊಡಕೂ ಇದೆ: ಎರಡೂ ಬದಿ ಲೇಪವಿರುವುದರಿಂದ ಒದ್ದೆಯಾದಾಗ ಉಗುರು ತಗುಲಿದರೂ ಗೀರು. ಅದಕ್ಕೇ ಟ್ರೇಯ ತಳಕ್ಕೆ ನುಣುಪಾದ ಗಾಜು ಹಾಸುತ್ತಾರೆ. ಕಪ್ಪು-ಬಿಳುಪಿನ ಅಂತರ ಅತಿಯಾಗದಂತೆ ಡೆವಲಪರನ್ನು ತೆಳುವಾಗಿಸುತ್ತಾರೆ. ಕೆಲವರು ಒಣಗಿದ ನೆಗೆಟಿವನ್ನು ಗಾಜಿಗೆ ಅಂಟಿಸಿ, ಒಂದು ಬದಿಯ ಲೇಪವನ್ನು ಬ್ಲೀಚಿನಿಂದ ತೊಳೆದು ಚಿತ್ರವನ್ನು ಚೂಪಾಗಿಸುತ್ತಾರೆ.

ಕೊಳ್ಳುವಾಗಲೇ ಎಚ್ಚರ ಬೇಕು. ಈಗ ಸ್ಕ್ಯಾನಿಂಗ್ ಸೆಂಟರುಗಳಲ್ಲಿ ಕೊಡುವ ಹಾಳೆಗಳಲ್ಲಿ ಹೆಚ್ಚಿನವು ಪ್ರಿಂಟರಿನಲ್ಲಿ ಬಿಸಿಗೆ ಚಿತ್ರ ಮೂಡುವ ಒಣ ಫಿಲ್ಮು. ಕ್ಯಾಮೆರಾದಲ್ಲಿ ಅದು ಕೆಲಸಕ್ಕೆ ಬಾರದು. ಡೆವಲಪರಿನಲ್ಲಿ ತೊಳೆಯುವ ಹಳೆಯ ಬಗೆಯದನ್ನೇ ಕೇಳಿ ತರಬೇಕು. ಆಸ್ಪತ್ರೆಗಳು ಅದನ್ನು ಬಿಟ್ಟಂತೆಲ್ಲ ಈ ಅಗ್ಗದ ದಾರಿಯೂ ಕಿರಿದಾಗುತ್ತಿದೆ.